ಎರಡನೆಯ ಪಂಪು, ಮೊದಲ ಬಕೇಟು

ಪಂಪಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ನನ್ನ ಹೊಟ್ಟೆಪಾಡೇ ಅದು. ಮೊದಲು ನಾಶಿಕದಲ್ಲಿ ಹನ್ನೊಂದು ವರ್ಷ, ಆಮೇಲೆ ಸಂಭಾಜಿನಗರಕ್ಕೆ ಬಂದು ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಇವತ್ತಿನವರೆಗೆ, ಪಂಪುಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಓಡುತ್ತಿರುವ ಪಂಪಿನ ಮೈಮೇಲೆ ಅಂಗೈ ಇಟ್ಟರೆ ಅದರ ಬೇರಿಂಗು ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳಬಲ್ಲೆ. ಬೀದರ ಕಡೆಯ ನಮ್ಮ ನೆಂಟರಲ್ಲಿ ಯಾರ ಬೋರ್‌ವೆಲ್ ಕೆಟ್ಟರೂ ಮೊದಲ ಫೋನು ಬರುವುದು ನನಗೇ. ಇಷ್ಟು ಜಂಬ ಏಕೆಂದರೆ, ನನ್ನದೇ ಮನೆಯಲ್ಲಿ ಎರಡನೆಯ ಪಂಪು ಬೇಕೋ ಬೇಡವೋ ಎನ್ನುವ ಸಣ್ಣ ಪ್ರಶ್ನೆಯಲ್ಲಿ ನಾನು ಮುಗ್ಗರಿಸಿ ಬಿದ್ದೆ. ಆ ಕಥೆ ಹೇಳುವ ಮೊದಲು ನಾನು ದಡ್ಡನಲ್ಲ ಎಂದು ಒಂದು ಸಲ ಹೇಳಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮದು ಎರಡಂತಸ್ತಿನ ಮನೆ. ತಾರಸಿಯ ಮೇಲೆ ಸೋಲಾರ್ ಇದೆ. ಬಿಸಿಲಿಗೆ ಕಾದ ನೀರು ಅಲ್ಲಿಯ ಟಾಕಿಯಲ್ಲಿ ಮರುದಿನ ಮುಂಜಾನೆಯವರೆಗೂ ಬಿಸಿಯಾಗಿಯೇ ಇರುತ್ತದೆ. ತೊಂದರೆ ಟಾಕಿಯದಲ್ಲ, ಪೈಪಿನದು. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಆರಿರುತ್ತದೆ, ಅದು ಹೋಗುವ ತನಕ ನಲ್ಲಿ ತಿರುಗಿಸಿಕೊಂಡು ಕಾಯಬೇಕು. ಬೇರೆ ಊರಿನಲ್ಲಿ ಕಾಯುತ್ತಾರೆ. ನಮ್ಮ ಓಣಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಕೆಲವು ಸಲ ಅದಕ್ಕೂ ತಡವಾಗಿ. ಊರಿಗೆ ನೀರು ಕೊಡುವ ಪೈಠಣದ ಅಣೆಕಟ್ಟು ತುಂಬಿದೆ ಎಂದು ಜನ ಕಾರು ಮಾಡಿಕೊಂಡು ನೋಡಿಬರುತ್ತಾರೆ, ಮನೆಗೆ ಬಂದು ಟ್ಯಾಂಕರಿಗೆ ಫೋನು ಮಾಡುತ್ತಾರೆ. ಇಂಥ ಊರಿನಲ್ಲಿ ತಣ್ಣಗಿದೆ ಎಂಬ ಕಾರಣಕ್ಕೆ ನೀರನ್ನು ಬಚ್ಚಲಿಗೆ ಹರಿಯಬಿಡುವವರನ್ನು ನಾನು ನೋಡಿಲ್ಲ.

ಅದಕ್ಕೇ ಮನೆ ಕಟ್ಟಿಸುವಾಗ ತಾರಸಿಯ ಮೇಲೆ ಒಂದು ಸರ್ಕ್ಯುಲೇಶನ್ ಪಂಪು ಕೂರಿಸಿದ್ದೆ. ತೆಂಗಿನಕಾಯಿಯಷ್ಟು ದೊಡ್ಡದು. ಮುಂಜಾನೆ ನಾಲ್ಕೂವರೆಗೆ ತಾನೇ ಶುರುವಾಗಿ, ಬಿಸಿನೀರನ್ನು ಮೇಲಿನ ಬಚ್ಚಲು, ಅಡುಗೆಮನೆ ಎಲ್ಲ ಸುತ್ತಿಸಿ ಮತ್ತೆ ಟಾಕಿಗೆ ತಂದು ಬಿಡುತ್ತದೆ. ಮೇಲಿನ ಮನೆಯಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಬಿಸಿ. ಬಂದವರಿಗೆಲ್ಲ ನಾನೇ ನಲ್ಲಿ ತಿರುಗಿಸಿ ತೋರಿಸುತ್ತಿದ್ದೆ. ಹೆಂಡತಿಗೆ ಅದು ನಾಚಿಕೆ. "ಬಂದವರಿಗಿ ಚಾ ಕೊಡೂದ್ ಬಿಟ್ಟು ಬಚ್ಚಲ ತೋರಸ್ತೀರಿ," ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಅತ್ತೆ ನಮ್ಮಲ್ಲಿಗೆ ಬಂದರು. ಮಾವ ತೀರಿಕೊಂಡಿದ್ದರು. ಅವರಿಗೆ ಗಂಡುಮಕ್ಕಳಿಲ್ಲ, ನನ್ನ ಹೆಂಡತಿ ಒಬ್ಬಳೇ ಮಗಳು. ಒಂದು ಟ್ರಂಕು, ಒಂದು ಕಂಬಳಿ, ಕೊರಳಲ್ಲಿ ಲಿಂಗ, ಇಷ್ಟರ ಜೊತೆ ಬಂದು, "ನಾಕ್ ದಿನ ಇದ್ದು ಹೋಗ್ತೀನಿ," ಎಂದು ಮಗಳಿಗೆ ಹೇಳಿದರು. ಅಳಿಯನ ಮನೆಯಲ್ಲಿ ಉಳಿಯುವುದು ಅವರ ಕಣ್ಣಿಗೆ ಬಹಳ ಸಣ್ಣತನ. ಹಾಗಾಗಿ ಏನನ್ನೂ ಕೇಳುತ್ತಿರಲಿಲ್ಲ. ಉಪ್ಪು ಕಡಿಮೆಯಾದರೂ ಉಪ್ಪು ಕೇಳುತ್ತಿರಲಿಲ್ಲ.

ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ, ನಮ್ಮ ಕಡೆಯ ರೀತಿಯೇ ಹಾಗೆ. ನಾನು ಒಳಗೆ ಬಂದರೆ ಅವರು ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ನನಗೆ ಹೇಳಬೇಕಾದ್ದನ್ನು ಮಗಳಿಗೆ ಹೇಳುವರು: "ಅಳಿಯಂದ್ರಿಗಿ ಹೇಳು, ಫೋನ್ ಬಂದಿತ್ತಂತ." ನಾನು ಅಲ್ಲೇ ನಿಂತಿರುತ್ತಿದ್ದೆ, ಕಿವಿಯೂ ಸರಿಯಾಗಿತ್ತು. ಆದರೂ ಹೆಂಡತಿ ನನ್ನ ಕಡೆ ತಿರುಗಿ, "ಫೋನ್ ಬಂದಿತ್ತಂತ್ರಿ," ಎಂದ ಮೇಲೆಯೇ ನನಗೆ ಕೇಳಿದಂತೆ. ನಾನೂ ಹಾಗೆಯೇ: "ಅತ್ತಿಯವರ ಔಷಧ ಮುಗದದ ಏನು ಕೇಳು." ಹೆಂಡತಿ ಮನೆಯಲ್ಲಿಲ್ಲದಿದ್ದರೆ ಅವರು ಬಾಗಿಲಿಗೆ ಹೇಳುತ್ತಿದ್ದರು, "ಚಾ ಇಟ್ಟದ," ಎಂದು. ಬಾಗಿಲ ಪರವಾಗಿ ನಾನು ಹೋಗಿ ಕುಡಿಯುತ್ತಿದ್ದೆ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅತ್ತೆ ನನ್ನನ್ನು ನೇರವಾಗಿ ಒಂದು ಮಾತೂ ಆಡಿಸಿರಲಿಲ್ಲ.

ಮೆಟ್ಟಿಲು ಹತ್ತಲಾರರೆಂದು ಅವರಿಗೆ ಕೆಳಗಿನ ಹಿಂಬದಿಯ ಕೋಣೆ ಕೊಟ್ಟೆವು. ಪಕ್ಕಕ್ಕೇ ಒಂದು ಬಚ್ಚಲು ಕಟ್ಟಿಸಿದೆ. ಗೀಸರ್ ಹಾಕಿಸೋಣವೆಂದರೆ ಅವರು ಒಪ್ಪಲಿಲ್ಲ. ಅವರ ತವರಿನಲ್ಲಿ ನೀರು ಕಾಯಿಸುವ ಕರೆಂಟಿನ ಕಡ್ಡಿ ಮುಟ್ಟಿ ಒಬ್ಬ ಹೆಣ್ಣುಮಗಳು ಸತ್ತದ್ದನ್ನು ಅವರು ಚಿಕ್ಕವರಿದ್ದಾಗ ಕಣ್ಣಾರೆ ನೋಡಿದ್ದರು. "ಕರೆಂಟಿನ ನೀರ್ ಬ್ಯಾಡ, ಸೂರ್ಯಪ್ಪನ ನೀರೇ ಇರಲಿ," ಎಂದು ಮಗಳ ಕೈಲಿ ಹೇಳಿಸಿದರು. ಸರಿ ಎಂದು ಸೋಲಾರಿನಿಂದಲೇ ಪೈಪು ಇಳಿಸಿದೆವು. ಗೋಡೆ ಮತ್ತೆ ಒಡೆಸಬಾರದೆಂದು ನಾನೇ ಒಂದು ಉಪಾಯ ಹೂಡಿ, ಮನೆಯ ಹೊರಗೋಡೆಯ ಸುತ್ತ ಮೊದಲೇ ಇದ್ದ ಒಂದು ಇಂಚಿನ ಹಳೆಯ ಕಬ್ಬಿಣದ ಪೈಪಿಗೆ ಜೋಡಿಸಿದೆ. ಎಂಬತ್ತು ಅಡಿ ಉದ್ದ. ಪಂಪಿನ ಸುತ್ತು ಅದಕ್ಕಿಲ್ಲ, ಮೇಲಿನ ಸುತ್ತಿನಿಂದ ಬಾಲದ ಹಾಗೆ ಇಳಿದು ಅತ್ತೆಯ ಬಚ್ಚಲಲ್ಲಿ ಮುಗಿಯುತ್ತದೆ. ಕಾರ್ಖಾನೆಯಲ್ಲಿ ಹೀಗೆ ನೀರು ನಿಂತು ಸಾಯುವ ತುಂಡು ಪೈಪಿಗೆ ಡೆಡ್ ಲೆಗ್ ಎನ್ನುತ್ತೇವೆ. ಎಲ್ಲೇ ಕಂಡರೂ ಕೂಗಾಡಿ ಕತ್ತರಿಸಿ ಹಾಕಿಸುವವನು ನಾನೇ.

ಮೊದಲ ಎರಡು ಚಳಿಗಾಲ ಯಾರೂ ಏನೂ ಅನ್ನಲಿಲ್ಲ. ಹೋದ ಕಾರ್ತಿಕದಲ್ಲಿ ಹೆಂಡತಿ ಒಂದು ಮಧ್ಯಾಹ್ನ ಕೆಳಗಿನ ಬಚ್ಚಲು ತೊಳೆದು ಮೇಲೆ ಬಂದಳು.

"ಏನ್ರಿ, ಕೆಳಗಿನ ನಲ್ಲ್ಯಾಗ ಬಿಸಿ ಬರೂದೇ ಇಲ್ಲಲ್ಲ. ಎಷ್ಟೊತ್ತು ಬಿಟ್ಟರೂ ತಣ್ಣಗೇ ಅದ. ಇನ್ನೊಂದ್ ಪಂಪ್ ಹಾಕಸ್ರಿ."

"ಪಂಪ್ ಅಂದ್ರ ಊಟದ ಎಲಿ ಏನು, ಇನ್ನೊಂದ್ ಹಾಕಾಕ?" ಎಂದೆ. "ಮಧ್ಯಾಹ್ನ ಟೈಮರ್ ಬಂದ್ ಇರ್ತದ. ಮುಂಜಾನಿ ನಾ ಅಲ್ಲೇ ಜಳಕ ಮಾಡ್ತೀನಿ, ನಂಗ ಛಲೋ ಬಿಸಿ ಸಿಗ್ತದ."

ಇದು ಸುಳ್ಳಲ್ಲ. ನನ್ನದು ಮೊದಲ ಪಾಳಿ. ಆರೂ ಹತ್ತಕ್ಕೆ ಓಣಿಯ ತುದಿಗೆ ಕಂಪನಿಯ ಬಸ್ಸು ಬರುತ್ತದೆ. ಹೆಂಡತಿ ಶಾಲೆಯಲ್ಲಿ ಕಲಿಸುತ್ತಾಳೆ, ಅವಳಿಗೂ ಅದೇ ಹೊತ್ತಿಗೆ ಅವಸರ. ಮೇಲಿನ ಬಚ್ಚಲು ಅವಳಿಗೆ, ಕೆಳಗಿನದು ನನಗೆ. ಅತ್ತೆ ಐದಕ್ಕೆಲ್ಲ ಜಳಕ ಮುಗಿಸಿ ಲಿಂಗಪೂಜೆಗೆ ಕೂತಿರುತ್ತಿದ್ದರು. ಪೂಜೆಯಾಗುವವರೆಗೆ ಒಂದು ಗುಟುಕು ಚಹಾವೂ ಇಲ್ಲ. ಐದೂವರೆಗೆ ನಾನು ಬಚ್ಚಲಿಗೆ ಹೋದರೆ ಅಲ್ಲಿ ನನಗಾಗಿ ಒಂದು ಬಕೇಟು ಬಿಸಿನೀರು ತುಂಬಿ ಇಟ್ಟಿರುತ್ತಿತ್ತು. ಆರಬಾರದೆಂದು ಮೇಲೆ ಸ್ಟೀಲಿನ ತಾಟು ಮುಚ್ಚಿರುತ್ತಿತ್ತು. ತಾಟು ತೆಗೆದರೆ ಮುಖಕ್ಕೆ ಹಬೆ ಹೊಡೆಯುವುದು. ಹೆಂಡತಿಯ ಕೆಲಸ ಎಂದುಕೊಂಡಿದ್ದೆ. ಬಾಯಲ್ಲಿ ಎಷ್ಟೇ ಗೊಣಗಿದರೂ ಹೊಟ್ಟೆಯೊಳಗೆ ಅವಳಿಗೆ ನನ್ನ ಮೇಲೆ ಪ್ರೀತಿ ಇದೆ ಎಂದು ಆ ತಾಟು ನೋಡಿ ದಿನವೂ ಒಂದಿಷ್ಟು ಮೆತ್ತಗಾಗುತ್ತಿದ್ದೆ. ಆದರೆ ಒಂದು ದಿನವೂ ಅವಳ ಮುಂದೆ ಆ ಮಾತು ಎತ್ತಲಿಲ್ಲ. ನಮ್ಮಲ್ಲಿ ಇಂಥದ್ದಕ್ಕೆಲ್ಲ ಯಾರು ಉಪಕಾರ ಹೇಳುತ್ತಾರೆ?

ಆದರೂ ಹೆಂಡತಿ ಬಿಡಲಿಲ್ಲ, ಪ್ಲಂಬರನನ್ನು ಕರೆಸಿದಳು. ಅವನು ಪೈಪಿನ ಜೊತೆ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತಲೆ ಕೆರೆದುಕೊಂಡು, "ಸಾಹೇಬ, ದುಸರಾ ಪಂಪ್ ಲಾಗೇಲಚ್," ಎಂದ. ಎರಡನೆಯ ಪಂಪು ಬೇಕೇ ಬೇಕಂತೆ. ಕೆಳಗಿನ ಬಚ್ಚಲಿಂದ ನೀರು ಹಿಂತಿರುಗಲು ಇನ್ನೊಂದು ಪೈಪು ಏರಿಸಿ, ಅದಕ್ಕೆ ತನ್ನದೇ ಪಂಪು ಕೂರಿಸಬೇಕಂತೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ನನಗೆ ಸಿಟ್ಟು ಬಂತು. ಇಪ್ಪತ್ತೈದು ವರ್ಷ ಪಂಪಿನ ಜೊತೆ ಸಂಸಾರ ಮಾಡಿದವನಿಗೆ ಇವನು ಹೇಳಿಕೊಡುತ್ತಾನೆಯೇ? ನೋಡುತ್ತೇನೆ ಎಂದು ಸಾಗಹಾಕಿದೆ.

ಮರುದಿನ ಕಾರ್ಖಾನೆಯಿಂದ ಥರ್ಮಾಮೀಟರ್ ತಂದೆ. ಬೆಳಿಗ್ಗೆ ಐದೂವರೆಗೆ ತಾಟು ಸರಿಸಿ ಬಕೇಟಿನೊಳಗೆ ಅದ್ದಿದೆ: ನಲವತ್ತಾರು ಡಿಗ್ರಿ. ನಲ್ಲಿ ತಿರುಗಿಸಿ ಹಿಡಿದೆ: ನಲವತ್ತೆಂಟು. ಮೂರು ದಿನ ಹಾಗೆಯೇ ನೋಡಿದೆ. ಮೂರು ದಿನವೂ ಅಷ್ಟೇ. ಒಂದು ಚೀಟಿಯ ಮೇಲೆ ಬರೆದು ಹೆಂಡತಿಯ ಮುಂದೆ ಇಟ್ಟೆ. "ನೋಡು, ಕೈ ಸುಡ್ತದ. ಇದಕ್ಕ ಪಂಪ್ ಯಾಕ ಬೇಕು?"

ಅಷ್ಟಾದರೂ ಒಳಗೆ ಏನೋ ಕೊರೆಯುತ್ತಿತ್ತು. ಎಂಬತ್ತು ಅಡಿ ಕಬ್ಬಿಣದ ಪೈಪಿನಲ್ಲಿ ನೀರು ಇಷ್ಟು ಬಿಸಿ ಉಳಿಯುವುದು ನನ್ನ ಅನುಭವಕ್ಕೆ ಹೊಂದುತ್ತಿರಲಿಲ್ಲ. ನಾಶಿಕದಲ್ಲಿ ನನಗೆ ಕೆಲಸ ಕಲಿಸಿದ ಹಳೆಯ ಸಾಹೇಬರಿಗೆ ಫೋನು ಮಾಡಿದೆ. ಅವರು ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ. ಅವತ್ತು ಸೋಮವಾರ, ತ್ರ್ಯಂಬಕೇಶ್ವರಕ್ಕೆ ಹೋಗುವ ಜೀಪಿನಲ್ಲಿ ಹನ್ನೊಂದು ಜನರ ನಡುವೆ ಕೂತಿದ್ದರು. ಗದ್ದಲದಲ್ಲೇ ಎಲ್ಲ ಕೇಳಿಕೊಂಡು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಮುಂಜಾನೆ ಆ ನಲ್ಲಿಯನ್ನು ಮೊದಲು ತಿರುಗಿಸುವವರು ಯಾರು?"

"ನಮ್ಮ ಅತ್ತೆ."

"ಹಾಗಾದರೆ ನನ್ನನ್ನು ಯಾಕೆ ಕೇಳುತ್ತೀ? ಅವರನ್ನು ಕೇಳು."

ಅಷ್ಟರಲ್ಲಿ ಜೀಪು ಎಲ್ಲೋ ತಿರುಗಿರಬೇಕು, ಫೋನು ಕಟ್ಟಾಯಿತು.

ಕೇಳಿದೆ, ನಮ್ಮ ರೀತಿಯಲ್ಲಿ. ಸಂಜೆ ಅವರ ಕೋಣೆಯ ಹೊಸ್ತಿಲ ಹೊರಗೆ ನಿಂತು ಹೆಂಡತಿಗೆ, "ಮುಂಜಾನಿ ಬಿಸಿನೀರ್ ಬರ್ತದ ಏನಂತ ಅತ್ತಿಯವರಿಗೆ ಕೇಳು," ಎಂದೆ.

"ಅವ್ವಾ, ಬಿಸಿ ಬರ್ತದ?"

ಅತ್ತೆ ಸೆರಗು ಸರಿಮಾಡಿಕೊಂಡು, "ಬರ್ತದಂತ ಹೇಳು ಅಳಿಯಂದ್ರಿಗಿ. ಛಲೋ ಬಿಸಿ ಬರ್ತದ," ಎಂದರು.

"ಬರ್ತದಂತ್ರಿ," ಎಂದಳು ಹೆಂಡತಿ, ನನ್ನ ಕಡೆ ತಿರುಗಿ.

ಎರಡನೆಯ ಪಂಪಿನ ಮಾತು ಅಲ್ಲಿಗೆ ಮುಗಿಯಿತು. ನನ್ನ ಲೆಕ್ಕ ಗೆದ್ದಿತು ಎಂಬ ಖುಷಿಯಲ್ಲಿ ಪ್ಲಂಬರನಿಗೆ ನಾನೇ ಫೋನು ಮಾಡಿ ಬೇಡ ಎಂದೆ. ಸ್ವಲ್ಪ ಕುಹಕದ ಮಾತೂ ಆಡಿದೆ. ಅದನ್ನು ನೆನೆಸಿಕೊಂಡರೆ ಈಗ ಮೈ ಹಿಡಿಯಷ್ಟಾಗುತ್ತದೆ.

ಮಾರ್ಗಶಿರದಲ್ಲಿ ಅತ್ತೆಗೆ ಕೆಮ್ಮು ಶುರುವಾಯಿತು. ಮೊದಮೊದಲು ಹಗಲು ಮಾತ್ರ. ಹೆಂಡತಿ ಕೇಳಿದರೆ, "ಹವಾ ಬದಲಾಗ್ಯಾದ, ಹೋಗ್ತದ," ಎನ್ನುವರು. ಕಷಾಯವಾಯಿತು, ಗುಳಿಗೆಯಾಯಿತು. ನಾಲ್ಕು ದಿನ ಜಳಕ ಬಿಡು ಎಂದರೆ ಕೇಳಲಿಲ್ಲ. ಜಳಕವಿಲ್ಲದೆ ಲಿಂಗ ಮುಟ್ಟುವುದು ಹೇಗೆ, ಲಿಂಗ ಮುಟ್ಟದೆ ಉಣ್ಣುವುದು ಹೇಗೆ? ಸಂಕ್ರಾಂತಿ ಕಳೆದ ಮೇಲೆ ಚಳಿ ಇಳಿಯಬೇಕಿತ್ತು, ಏರಿತು. ಒಂದು ದಿನ ಪೂಜೆಗೆ ಕೂತವರು ಏಳಲಾರದೆ ಹಾಗೇ ಗೋಡೆಗೆ ಒರಗಿದ್ದರು. ಮುಟ್ಟಿದರೆ ಮೈ ಕಾದ ಹಂಚು.

ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಡಾಕ್ಟರರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬರೆಯುತ್ತಲೇ ಹಿಂದಿಯಲ್ಲಿ ಕೇಳಿದರು, "ತಣ್ಣೀರಿನಲ್ಲಿ ಸ್ನಾನ ಮಾಡುತ್ತಾರೆಯೇ?"

"ಇಲ್ಲ, ಇಲ್ಲ," ಎಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು. ನಾನು ಅಷ್ಟಕ್ಕೇ ಬಿಡಲಿಲ್ಲ. ಸೋಲಾರ್ ಇದೆ, ಪಂಪು ಇದೆ, ನಲವತ್ತಾರು ಡಿಗ್ರಿ ಇದೆ ಎಂದೆಲ್ಲ ವಿವರಿಸಿದೆ. ಮಂಚದ ಮೇಲಿದ್ದ ಅತ್ತೆ ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಸುಸ್ತಾಗಿದ್ದಾರೆ ಎಂದುಕೊಂಡೆ.

ಹೆಂಡತಿ ರಜೆ ಹಾಕಿ ಅವರ ಜೊತೆ ಉಳಿದಳು. ಮನೆಯಲ್ಲಿ ನಾನೊಬ್ಬನೇ. ಮೊದಲ ಮುಂಜಾನೆ ರೂಢಿಯ ಹಾಗೆ ಕೆಳಗಿನ ಬಚ್ಚಲಿಗೆ ಹೋದೆ. ಬಕೇಟು ಬೋರಲಾಗಿತ್ತು, ತಾಟು ಗೋಡೆಯ ಗೂಡಿನಲ್ಲಿತ್ತು. ಹೆಂಡತಿ ಇಲ್ಲವಲ್ಲ, ಸಹಜ ಎಂದುಕೊಂಡು ನಲ್ಲಿ ತಿರುಗಿಸಿದೆ. ತಣ್ಣಗಿತ್ತು. ಬರುತ್ತದೆ ಎಂದು ಬಕೇಟು ಇಟ್ಟೆ. ಅರ್ಧ ತುಂಬಿತು, ತಣ್ಣಗೇ ಇತ್ತು. ಪಂಪು ಕೈ ಕೊಟ್ಟಿತು ಎಂದು ಬಯ್ದುಕೊಳ್ಳುತ್ತ ತಾರಸಿಗೆ ಓಡಿದೆ. ಪಂಪು ಗುಂಯ್ಯೆಂದು ತಿರುಗುತ್ತಿತ್ತು. ಟಾಕಿಯ ಪೈಪು ಮುಟ್ಟಿದರೆ ಕೈ ಸುಟ್ಟಿತು. ಬಸ್ಸಿನ ಹೊತ್ತಾಗಿತ್ತು, ಮುಖ ತೊಳೆದುಕೊಂಡು ಹೋದೆ.

ಎರಡನೆಯ ದಿನವೂ ಅದೇ ಆಯಿತು. ಆದರೆ ಅವತ್ತು ಬಕೇಟು ಪೂರಾ ತುಂಬುವವರೆಗೆ ನಿಂತಿದ್ದೆ. ಅಂಚಿಗೆ ಬರುವಾಗ ಧಾರೆ ಉಗುರುಬೆಚ್ಚಗಾಯಿತು. ಬಕೇಟು ತೆಗೆದು ಇನ್ನೊಂದನ್ನು ಇಟ್ಟೆ. ಅದರೊಳಗೆ ಹಬೆಯಾಡುವ ನೀರು ಬಿತ್ತು.

ಎರಡು ಬಕೇಟುಗಳ ನಡುವೆ ನಿಂತಿದ್ದೆ. ಒಂದು ಇಂಚಿನ ಪೈಪು, ಎಂಬತ್ತು ಅಡಿ. ತಲೆಯೊಳಗೆ ಲೆಕ್ಕ ತಾನಾಗಿಯೇ ಓಡಿತು. ಪೈಪಿನೊಳಗೆ ಹನ್ನೆರಡು ಲೀಟರು ಹಿಡಿಯುತ್ತದೆ, ತಣ್ಣಗಿನ ಕಬ್ಬಿಣ ಕಾಯಲು ಇನ್ನೊಂದೆರಡು ಲೀಟರು. ಅಂದರೆ ಒಂದು ಬಕೇಟು. ಮುಂಜಾನೆ ಮೊದಲು ನಲ್ಲಿ ತಿರುಗಿಸುವವರು ಯಾರು? ನಮ್ಮ ಅತ್ತೆ.

ಹೆಂಡತಿಗೆ ಫೋನು ಮಾಡಿದೆ. "ದಿನಾ ನನಗ ಬಕೇಟ್ ತುಂಬಿ ತಾಟ್ ಮುಚ್ಚಿ ಇಡ್ತಿದ್ದಿ ಅಲ್ಲ?"

"ನಾನ್ಯಾಕ ಇಡಲಿ? ನಾ ಕೆಳಗ ಎಲ್ಲಿ ಬರ್ತೀನಿ ಅಷ್ಟ್ ಲಗೂ?" ಎಂದಳು. ಎರಡು ಬಕೇಟಿನ ಲೆಕ್ಕವನ್ನು ಅವಳಿಗೆ ಹೇಳಿದೆ.

ಅವತ್ತು ಕೆಲಸಕ್ಕೆ ಹೋಗಲಿಲ್ಲ. ಆಸ್ಪತ್ರೆಗೆ ಹೋಗಿ ಬಾಗಿಲ ಹತ್ತಿರ ನಿಂತೆ. ಒಳಗೆ ಹೆಂಡತಿ ತಾಯಿಯ ಪಕ್ಕ ಕೂತು ಕೇಳುತ್ತಿದ್ದಳು. ಅತ್ತೆಗೆ ಮೂಗಿನ ಮೇಲೆ ಆಕ್ಸಿಜನ್ ಇತ್ತು. ಆದರೂ ನಾನು ಬಂದದ್ದು ನೋಡಿ ಕೈ ತಡವರಿಸಿ ಸೆರಗು ಹುಡುಕಿತು.

"ಅವ್ವಾ, ಖರೆ ಹೇಳು. ಮದಲಿನ್ ಬಕೇಟ್ ತಣ್ಣೀರಿಲೇ ಜಳಕ ಮಾಡ್ತಿದ್ದೇನು?"

ಅತ್ತೆ ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡರು. "ಮತ್ತ ಆ ನೀರ್ ಚೆಲ್ಲಾಕ್ ಬರ್ತದೇನು? ಹೊರಗ ಟ್ಯಾಂಕರ್ ಬಂದ್ರ ನೀವೆಲ್ಲ ಓಡ್ತೀರಿ. ಇರೂವೇ ಎರಡ್ ಬಕೇಟ್. ಒಂದ್ ನಂಗ, ಒಂದ್ ಅಳಿಯಂದ್ರಿಗಿ. ನಾ ಜಳಕ ಮಾಡಿದ್ ಬಕೇಟ್ ಅವರಿಗಿ ಇಡಬಾರ್ದು. ಅಳಿಯಂದ್ರು ಥಂಡ್ಯಾಗ ಗಾಡಿ ಹಿಡಿಯವರು, ಅವರು ತಣ್ಣೀರ್ ಹಾಕ್ಕೊಂಡ್ ಹೋಗಬೇಕೇನು?"

"ಮತ್ತ ಬಿಸಿ ಬರ್ತದಂತ ಯಾಕ ಹೇಳಿದಿ?"

"ಬರ್ತಿತ್ತಲ್ಲ," ಎಂದರು ಅತ್ತೆ. "ಬರ್ತಿತ್ತು ಖರೆ."

ಅವರು ಸುಳ್ಳು ಹೇಳಿರಲಿಲ್ಲ. ಬಿಸಿ ಬರುತ್ತಿತ್ತು, ಅವರ ಜಳಕ ಆದ ಮೇಲೆ. ನನ್ನ ಥರ್ಮಾಮೀಟರೂ ಸುಳ್ಳು ಹೇಳಿರಲಿಲ್ಲ. ಆ ನಲವತ್ತಾರು ಡಿಗ್ರಿಯನ್ನು ಅವರು ದಿನವೂ ಒಂದು ಬಕೇಟು ತಣ್ಣೀರನ್ನು ತಮ್ಮ ಮೈಮೇಲೆ ಸುರಿದುಕೊಂಡು ನನಗೆ ಕೊಡುತ್ತಿದ್ದರು, ನಾನು ಅದನ್ನೇ ಅಳೆದು ಪಂಪು ಬೇಡ ಎಂದು ತೀರ್ಮಾನ ಮಾಡಿದ್ದೆ. ಮೂರು ಚಳಿಗಾಲ! ಹೆಂಡತಿ ಎದ್ದು ಹೊರಗೆ ಬಂದಳು. ನನ್ನನ್ನು ಬಯ್ಯುತ್ತಾಳೆ ಎಂದು ಕಾದೆ, ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತು, ಮೆಲ್ಲಗೆ, "ಪಂಪ್ ಅಲ್ಲರಿ, ಇನ್ನೊಂದ್ ಬಕೇಟ್ ಬೇಕಾಗಿತ್ತು," ಎಂದಳು.

ನಿಜ. ಮೂರನೆಯ ಬಕೇಟೊಂದು ಆ ಬಚ್ಚಲಲ್ಲಿ ಇದ್ದಿದ್ದರೆ ತಣ್ಣಗಿನ ನೀರು ಅದರಲ್ಲಿ ತುಂಬಿ ನೆಲ ಒರೆಸಲಿಕ್ಕೆ ಆಗುತ್ತಿತ್ತು. ಅತ್ತೆಗೂ ಬಿಸಿ, ನನಗೂ ಬಿಸಿ. ಇನ್ನೊಂದು ಬಕೇಟು ತನ್ನಿ ಎಂದು ಅಳಿಯನ ಮನೆಯಲ್ಲಿ ಅವರು ಕೇಳುವವರಲ್ಲ. ಕೇಳದೆ ನೋಡುವ ಕಣ್ಣು ನನಗಿರಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಪಂಪಾಗಿದ್ದರೆ ಬಿಚ್ಚಿ ನೋಡಬಹುದಿತ್ತು. ಆ ಕೋಣೆಯಲ್ಲಿ ಉಸಿರಾಟದ ಸದ್ದು ಕೇಳುತ್ತ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಡಾಕ್ಟರ ಹತ್ತಿರ ಹೋಗಿ, ನಾವು ಹೇಳಿದ್ದು ತಪ್ಪು, ಅವರು ತಣ್ಣೀರಲ್ಲೇ ಸ್ನಾನ ಮಾಡುತ್ತಿದ್ದರು ಎಂದು ಹೇಳಿದೆ. ಅದರಿಂದ ಈಗ ಔಷಧವೇನೂ ಬದಲಾಗುವುದಿಲ್ಲ, ಕಾಯಿಲೆ ತಣ್ಣೀರಿನಿಂದಲೇ ಬಂತು ಎಂದೂ ಹೇಳಲಾಗದು ಎಂದರು ಅವರು. ಸಮಾಧಾನಕ್ಕೆ ಹೇಳಿದ್ದಿರಬೇಕು. ನನಗೆ ಸಮಾಧಾನವಾಗಲಿಲ್ಲ.

ಆ ಪ್ಲಂಬರನನ್ನೇ ಕರೆಸಿದೆ. ಅವನು ಹಿಂದಿನ ಮಾತು ಎತ್ತಲಿಲ್ಲ, ದೊಡ್ಡತನ. ಎರಡು ದಿನದಲ್ಲಿ ಗೋಡೆ ಒಡೆದು, ಹಳೆಯ ಕಬ್ಬಿಣ ಕಿತ್ತು, ಸಣ್ಣ ಪೈಪು ಹಾಕಿ, ಅದಕ್ಕೆ ಬೆಚ್ಚಗಿನ ಹೊದಿಕೆ ಸುತ್ತಿ, ಹಿಂತಿರುಗುವ ಪೈಪು ಏರಿಸಿ, ಎರಡನೆಯ ಪಂಪು ಕೂರಿಸಿದೆವು. ನಾನೇ ಪಕ್ಕದಲ್ಲಿ ನಿಂತು ಪ್ರತಿಯೊಂದು ಜೋಡಣೆ ಬಿಗಿ ಮಾಡಿದೆ. ಕೆಳಗಿನ ನಲ್ಲಿಯಲ್ಲಿ ಮೊದಲ ಚೊಂಬಿಗೇ ಬಿಸಿ ಬಂತು. ಪ್ಲಂಬರ್ ಖುಷಿಯಿಂದ ನನ್ನ ಮುಖ ನೋಡಿದ. ನನಗೆ ಅಳು ಬರುವ ಹಾಗಾಯಿತು. ಮಾರುಕಟ್ಟೆಗೆ ಹೋಗಿ ಒಂದು ಬಕೇಟೂ ತಂದೆ, ನೀಲಿಯದು. ಬಚ್ಚಲ ಮೂಲೆಯಲ್ಲಿ ಇಟ್ಟೆ.

ಅತ್ತೆ ಹದಿನಾರು ದಿನಕ್ಕೆ ಮನೆಗೆ ಬಂದರು. ಬಂದರು ಎನ್ನುವುದಕ್ಕಿಂತ ತಂದೆವು. ಶ್ವಾಸಕೋಶ ಇನ್ನು ಮೊದಲಿನ ಹಾಗೆ ಆಗುವುದಿಲ್ಲ ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ಎದ್ದು ನಿಲ್ಲಲಾರರು, ಬಚ್ಚಲವರೆಗೆ ನಾಲ್ಕು ಹೆಜ್ಜೆ ನಡೆಯಲಾರರು. ಹೊಸ ನಲ್ಲಿಯನ್ನು ಒಂದು ಸಲವೂ ಅವರು ತಮ್ಮ ಕೈಯಿಂದ ತಿರುಗಿಸಿಲ್ಲ. ಬೆಳಿಗ್ಗೆ ಹೆಂಡತಿ ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸುತ್ತಾಳೆ. ಅದೇ ಜಳಕ ಎಂದು ಒಪ್ಪಿಕೊಂಡು ದಿಂಬಿಗೆ ಒರಗಿ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ಕೈ ನಡುಗುತ್ತದೆ, ಹೆಂಡತಿ ಕೆಳಗೆ ತನ್ನ ಕೈ ಕೊಡುತ್ತಾಳೆ. ನಾನು ಹೊಸ್ತಿಲಾಚೆ ನಿಂತು ನೋಡುತ್ತೇನೆ. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಯಾವ ಪಂಪು ನಿಂತರೂ ನನ್ನನ್ನು ಕರೆಯುತ್ತಾರೆ. ಇಲ್ಲಿ ನನ್ನನ್ನು ಕರೆಯುವ ಕೆಲಸ ಒಂದೂ ಇಲ್ಲ.

ಮೊನ್ನೆ ಒಂದು ಮುಂಜಾನೆ ಕರೆಂಟು ಹೋಗಿತ್ತು. ತಾರಸಿಯ ಎರಡು ಪಂಪುಗಳೂ ಸುಮ್ಮನಿದ್ದವು. ಮೊಬೈಲಿನ ಬೆಳಕು ಹಿಡಿದು ಕೆಳಗಿನ ಬಚ್ಚಲಿಗೆ ಹೋದೆ. ಪಕ್ಕದ ಕೋಣೆಯಲ್ಲಿ ಹೆಂಡತಿ ಮೈ ಒರೆಸುವ ಬಟ್ಟೆ ಹಿಡಿದು ಬಿಸಿನೀರಿಗೆ ಕಾಯುತ್ತಿದ್ದಳು. ನಲ್ಲಿ ತಿರುಗಿಸಿದೆ. ನಿಂತ ನೀರು, ತಣ್ಣಗೆ ಕೊರೆಯುತ್ತಿತ್ತು. ಪೈಪು ಸಣ್ಣದಾದ್ದರಿಂದ ಈಗ ಬಕೇಟಿನ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ತಣ್ಣೀರು, ಅಷ್ಟೇ. ಅದನ್ನು ಹಿಡಿಯಲಿಕ್ಕೆಂದೇ ತಂದ ನೀಲಿ ಬಕೇಟು ಮೂಲೆಯಲ್ಲಿ ಖಾಲಿ ಇತ್ತು. ಕೈ ಅತ್ತ ಹೋಗಲಿಲ್ಲ. ಹಳೆಯ ಬಕೇಟನ್ನೇ ನಲ್ಲಿಯ ಕೆಳಗಿಟ್ಟೆ. ಧಾರೆ ಬೆಚ್ಚಗಾಗುವ ಹೊತ್ತಿಗೆ ಅದನ್ನು ತೆಗೆದು ಎರಡನೆಯದನ್ನು ಇಟ್ಟು, ಚೊಂಬು ತೆಗೆದುಕೊಂಡೆ.

ಗೋಡೆಯ ಆಚೆಯಿಂದ ದನಿ ಬಂತು. ಹೆಂಡತಿಯದಲ್ಲ. ಸಣ್ಣದು, ನಡುವೆ ಉಸಿರಿಗೆ ನಿಂತು ನಿಂತು ಬರುವಂಥದು.

"ಬಿಸಿ ಬರ್ತದ ಏನ್ರಿ... ಅಳಿಯಂದ್ರ?"

ಬಾಗಿಲಿಗೆ ಹೇಳಿದ್ದಲ್ಲ, ಮಗಳಿಗೆ ಹೇಳಿದ್ದೂ ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಮಾತು ಅದು.

ಚೊಂಬಿನ ನೀರನ್ನು ಹೆಗಲ ಮೇಲೆ ಸುರಿದುಕೊಂಡೆ. ಎದೆ ಝಲ್ಲೆಂದು ಉಸಿರು ಸಿಕ್ಕಿಕೊಂಡಿತು.

"ಬರ್ತದ್ರಿ ಅತ್ತಿ," ಎಂದೆ. "ಛಲೋ ಬಿಸಿ ಬರ್ತದ."

ಉಳಿದ ತಣ್ಣೀರನ್ನೂ ಮೈಮೇಲೆ ಹಾಕಿಕೊಂಡು ಮುಗಿಸಿದೆ. ಎರಡನೆಯ ಬಕೇಟು ಅಷ್ಟರಲ್ಲಿ ತುಂಬಿತ್ತು. ಗೂಡಿನಲ್ಲಿದ್ದ ತಾಟು ತೆಗೆದು ಅದಕ್ಕೆ ಮುಚ್ಚಿ, ಹೆಂಡತಿಯನ್ನು ಕರೆದೆ.